ಹತ್ತನೆಯವನು
ಕಾಲ್‌ಫೀಲ್ಡಿನ ಯೆಹೂದಿ ಪ್ರಾರ್ಥನಾಮಂದಿರಕ್ಕೆ ಛಾವಣಿ ಹಾಕಿಸಿಕೊಟ್ಟೂ ಎಲ್ಲಿಯೂ ಹೆಸರು ಕೆತ್ತಿಸಿಕೊಳ್ಳದ ಫೈವಿಶ್ ಲೆವ್ಕೊವಿಚ್, ಸತ್ತವರಿಗಾಗಿ ಕದ್ದಿಶ್ ಪ್ರಾರ್ಥನೆ ಹೇಳಲು ಹತ್ತು ಗಂಡಸರು ಇರಲೇಬೇಕೆಂದು ಮೂವತ್ತು ವರ್ಷ ಬೆಳಬೆಳಗ್ಗೆ ಫೋನು ಮಾಡಿ ಎಲ್ಲರ ನಿದ್ದೆ ಕೆಡಿಸಿದರು. "ಒಂಬತ್ತು ಜನ ಆಗಿದೀವಪ್ಪ, ನೀನೊಬ್ಬ ಬಂದ್ರೆ ಮುಗೀತು!" ಎಂಬ ಒಂದೇ ಸುಳ್ಳನ್ನು ಇಪ್ಪತ್ತು ಮಂದಿಗೂ ಹೇಳುತ್ತಿದ್ದರು. ಜ್ವರವೆಂದರೆ, "ಇಲ್ಲೇ ಬಂದು ಮಲಕ್ಕೋ, ತಲೆ ಲೆಕ್ಕಕ್ಕೆ ಸಿಗುತ್ತೆ" ಎನ್ನುತ್ತಿದ್ದರು. ಒಮ್ಮೆ ಆ ಇಪ್ಪತ್ತರಲ್ಲೊಬ್ಬನಾದ ಹೈಮಿ ಫೋನು ಇಟ್ಟು, "ಮುದುಕಂದು ಇದ್ದಿದ್ದೇ" ಎಂದು ಗೊಣಗಿ ಮಗ್ಗುಲು ಬದಲಿಸಿದ್ದ. ಫೈವಿಶರೇ ತೀರಿಕೊಂಡು, ಇಂದು ಅವರ ಕದ್ದಿಶ್‌ಗೆ ಯಾರೂ ಕರೆಯದೆಯೇ ನೂರು ಜನ ಸೇರಿದ್ದರು. ಮಂದಿರದ ಬಾಗಿಲು ಕಾಯುವ ಝಲ್ಮಾನ್ ಹೈಮಿಯ ಪಕ್ಕ ಬಂದು ನಿಂತ. "ಒಂದೇ ಒಂದು ದಿನ ನಿಜವಾಗ್ಲೂ ಒಂಬತ್ತೇ ಜನ ಇದ್ವಿ ಕಣೋ. ಅವತ್ತು ಫೈವಿಶರ ಹೆಂಡ್ತಿಗೆ ಕದ್ದಿಶ್ ಹೇಳ್ಬೇಕಿತ್ತು. ಹೇಳದೇನೇ ಪುಸ್ತಕ ಮುಚ್ಚಿದ್ರು. ಅಲ್ಲೀವರೆಗೂ, 'ಹೈಮಿ ಹೊರಟಿರ್ತಾನೆ, ಇನ್ನೈದು ನಿಮಿಷ ನೋಡೋಣ' ಅಂತಾನೇ ಇದ್ರು."