ಆ ಪ್ರಶ್ನೆಗೆ ನನಗೆ ಮೊದಲ ಬಹುಮಾನ

ಎರಡು ವರ್ಷದ ಹಿಂದಿನ ಮಾತು. ನಾನಾಗ ಕುಮಟಾದಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೆ. ಚರ್ಚಾ ಸ್ಪರ್ಧೆ ಎಂದರೆ ನಮ್ಮ ಕಾಲೇಜಿನಿಂದ ಹೋಗುವವರು ನಾವಿಬ್ಬರೇ: ಹೊಳನಗದ್ದೆಯ ನಾನು, ಕಾಗಾಲದ ಅಕ್ಷತಾ. ಒಬ್ಬಳು ಪರ, ಒಬ್ಬಳು ವಿರೋಧ. ಯಾರು ಯಾವ ಕಡೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದೆವು. ಹಾಗಾಗಿ ವೇದಿಕೆಯ ಮೇಲೆ ಆಡಿದ ಮಾತು ನಮ್ಮದಲ್ಲ, ಚೀಟಿಯದ್ದು. ಮೂರು ವರ್ಷ ಹೀಗೇ ನಡೆದ ಮೇಲೆ, ಯಾರು ಏನು ಹೇಳಿದರೂ ಅದು ಬರೀ ಪಾಯಿಂಟು ಎಂದು ಕೇಳಿಸಿಕೊಳ್ಳುವ ಚಾಳಿ ನನಗೆ ಹತ್ತಿತ್ತು.

ಆ ವರ್ಷ ಹೊನ್ನಾವರದಲ್ಲಿ ನಡೆದ ಸ್ಪರ್ಧೆಯ ವಿಷಯ, ‘ಖಿನ್ನತೆ ಎಂಬುದು ಕೆಲಸವಿಲ್ಲದವರ ಕಾಯಿಲೆ.’ ಪರ ನನಗೆ ಬಂತು, ವಿರೋಧ ಅಕ್ಷತಾಳಿಗೆ.

ನಮ್ಮದೊಂದು ಉಪಾಯವಿತ್ತು. ಕೊನೆಯ ಸುತ್ತಿನಲ್ಲಿ ಪರದವರು ವಿರೋಧದವರಲ್ಲಿ ಯಾರಿಗಾದರೂ ಒಂದು ಪ್ರಶ್ನೆ ಹಾಕಬೇಕು. ಅದನ್ನು ನಮ್ಮವರಿಗೇ ಹಾಕುವುದು, ಉತ್ತರ ಮೊದಲೇ ಬಾಯಿಪಾಠ ಮಾಡಿಟ್ಟಿರುವುದು. ಪ್ರಶ್ನೆಗೂ ಅಂಕ, ಉತ್ತರಕ್ಕೂ ಅಂಕ, ಗೆದ್ದ ಕಾಲೇಜಿಗೆ ಕೊಡುವ ಫಲಕ ನಮಗೆ. ಮೋಸ ಅನ್ನಿ, ಎಲ್ಲರೂ ಮಾಡುತ್ತಿದ್ದರು.

ಅಭ್ಯಾಸಕ್ಕೆ ಅಕ್ಷತಾ ಸರಿಯಾಗಿ ಬರಲೇ ಇಲ್ಲ. ಬಂದ ದಿನವೂ ಸುಮ್ಮನೆ ಕೂತಿರುತ್ತಿದ್ದಳು. ಬಸ್ಸಿನ ಕಂಡಕ್ಟರ್ ಜೊತೆಗೂ ವಾದ ಹಾಕುತ್ತಿದ್ದ ಹುಡುಗಿ.

“ಎಂತದೇ, ಮದುವೆ ನಿಶ್ಚಯ ಆತಾ?” ಎಂದು ಚುಡಾಯಿಸಿದೆ.

“ನಿದ್ದೆ ಬರುದಿಲ್ಲ ಮಾರಾಯ್ತಿ. ಬೆಳಗಿನ ಜಾವಕ್ಕೇ ಎಚ್ಚರ ಆಗ್ತದೆ.”

“ಒಳ್ಳೇದೇ ಆತು. ಎದ್ದು ಭಾಷಣ ಬಾಯಿಪಾಠ ಮಾಡು.”

ಇನ್ನೊಂದು ದಿನ ತನ್ನ ಫೈಲನ್ನು ನನ್ನ ಕೈಗಿಟ್ಟಳು. ಮೂರು ವರ್ಷ ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ್ದು, ನನಗೆ ಮುಟ್ಟಲೂ ಕೊಡದಿದ್ದದ್ದು. “ಇದು ನಿಂಗೇ ಇರ್ಲಿ” ಎಂದಳು. ನಾನು ಅಲ್ಲೇ ಕೂತು, ಅದರಲ್ಲಿ ನನ್ನ ಕಡೆಗೆ ಉಪಯೋಗವಾಗುವ ಅಂಶಗಳಿವೆಯೇ ಎಂದು ಹುಡುಕಿದೆ.

ಸ್ಪರ್ಧೆಯ ದಿನ ಅವಳು ಬರೆದುಕೊಂಡದ್ದನ್ನು ಬಿಟ್ಟು ಮಾತಾಡಿದಳು. “ಖಿನ್ನತೆ ಇರುವವಳು ಸದಾ ಅಳುತ್ತಾ ಕೂತಿರುವುದಿಲ್ಲ. ಬೆಳಿಗ್ಗೆ ಎದ್ದು ದೋಸೆ ಹೊಯ್ಯುತ್ತಾಳೆ, ಬಸ್ಸು ಹಿಡಿಯುತ್ತಾಳೆ, ನಗುತ್ತಾಳೆ. ಆದರೆ ಉಂಡ ಅನ್ನ ಅವಳಿಗೆ ಮಣ್ಣಿನ ಹಾಗೆ. ಬಾಚಣಿಗೆ ಎತ್ತುವುದೂ ಭಾರ. ತಾನಿಲ್ಲದಿದ್ದರೆ ಮನೆಯವರಿಗೆ ಹಗುರ ಎಂದು ಅವಳು ನಂಬಿರುತ್ತಾಳೆ. ಅದು ಸುಳ್ಳು ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ.”

ನನಗೆ ಸಿಟ್ಟು ಬಂತು. ಅಭ್ಯಾಸದಲ್ಲಿ ಇಲ್ಲದ್ದನ್ನು ತಂದು, ಸಭೆಯನ್ನು ಅಷ್ಟು ಮೌನ ಮಾಡಿಸಿ, ನನ್ನ ಬಹುಮಾನ ಹೊಡೆಯಲು ಹೊರಟಿದ್ದಾಳೆ! ಕೊನೆಯ ಸುತ್ತಿನಲ್ಲಿ ಒಪ್ಪಂದದ ಪ್ರಶ್ನೆಯನ್ನು ಬಿಟ್ಟುಬಿಟ್ಟೆ.

“ಪ್ರತಿವಾದಿಗಳು ಕಥೆ ಚೆನ್ನಾಗಿ ಹೇಳಿದರು. ಯಾರೀ ಅವಳು? ಹೆಸರು ಹೇಳಬಹುದೇ? ಅಥವಾ ಅವಳಿಗೂ ಬೇರೆ ಕೆಲಸವಿಲ್ಲವೇ?”

ಸಭೆ ಗೊಳ್ಳೆಂದು ನಕ್ಕಿತು. ಅಕ್ಷತಾ ಮೈಕಿನ ಮುಂದೆ ಬಾಯಿ ತೆರೆದಳು, ಮುಚ್ಚಿದಳು. ನನ್ನನ್ನೇ ನೋಡುತ್ತಾ ನಿಂತಳು. ಗಂಟೆ ಬಾರಿಸಿದರು. ಚಪ್ಪಾಳೆ.

ನನಗೆ ಮೊದಲ ಬಹುಮಾನ, ಕಾಲೇಜಿಗೆ ಫಲಕ. ವಿರೋಧದ ವಿದ್ಯಾರ್ಥಿನಿ ಭಾವುಕರಾದರು, ತರ್ಕ ಸಾಲದು ಎಂದು ತೀರ್ಪುಗಾರರು ಹೇಳಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ನನ್ನ ಪಕ್ಕ ಬಿಟ್ಟು ಬೇರೆ ಸೀಟಿಗೆ ಹೋಗಿ ಕೂತಳು. ಸೋತ ಸಿಟ್ಟು ಎಂದುಕೊಂಡೆ.

ಐದು ದಿನದ ಮೇಲೆ ಗ್ರಂಥಾಲಯದ ಅಟೆಂಡರ್ ನಾಗವೇಣಕ್ಕ ನನ್ನನ್ನು ಕರೆದರು. “ನಿನ್ನ ಜೋಡಿ ಎಲ್ಲೇ? ನಿನ್ನೆ ಬಂದು ಪುಸ್ತಕ ಎಲ್ಲಾ ಕೊಟ್ಟು ಹೋತು. ಪರೀಕ್ಷೆ ಎದುರಿಗಿರುವಾಗ ಯಾರಾದ್ರೂ ಪುಸ್ತಕ ವಾಪಸ್ ಕೊಡ್ತಾರೇನೆ?”

“ಓದಿ ಮುಗ್ದಿರ್ಬೇಕು ಅಕ್ಕ.”

“ವಾದ ಮಾಡ್ಬೇಡ. ನಿಂಗೆಂತಾದ್ರೂ ಕೊಟ್ಟದ್ಯಾ ಅದು?”

ಫೈಲಿನ ವಿಷಯ ಹೇಳಿದೆ. ಅವರು ಬೇರೆಯವರಿಗೆ ಕೌಂಟರ್ ನೋಡಿಕೊಳ್ಳಲು ಹೇಳಿ, ಚಪ್ಪಲಿ ಮೆಟ್ಟಿಕೊಂಡು “ನಡಿ” ಎಂದರು.

ಕಾಗಾಲದ ಮನೆಯಲ್ಲಿ ಅಕ್ಷತಾ ಒಬ್ಬಳೇ ಇದ್ದಳು. ತಾಯಿ ಗದ್ದೆಗೆ ಹೋಗಿದ್ದರು. ನಗುತ್ತಲೇ ಬಾಗಿಲು ತೆರೆದು, ಚಾ ಮಾಡುತ್ತೇನೆ ಎಂದಳು. ನಾಗವೇಣಕ್ಕ ಅವಳ ಕೈ ಹಿಡಿದು ಜಗಲಿಯಲ್ಲಿ ಕೂರಿಸಿ, ನೇರವಾಗಿ ಕೇಳಿದರು: “ತಂಗಿ, ಸಾಯ್ಬೇಕು ಅನ್ಸ್ತದ್ಯಾ ನಿಂಗೆ?”

ನಾನು ಬೆಚ್ಚಿಬಿದ್ದೆ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಲ್ಲವೇ ಎಂಬ ವಾದ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಕ್ಷತಾ “ಹೌದು ಅಕ್ಕ” ಎಂದಳು. ಎಂದವಳೇ ಅವರ ಮಡಿಲಿಗೆ ಬಿದ್ದು ಅತ್ತಳು. ಅವಳು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ ಎಂಬುದು ಅವಳ ಮಾತಿನಿಂದಲೇ ತಿಳಿಯಿತು. ನಾಗವೇಣಕ್ಕ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. “ಎಷ್ಟು ದಿನದಿಂದ ಒಬ್ಳೇ ಹೊತ್ಕಂಡಿದ್ಯೆ ಇದನ್ನ” ಎಂದರು, ಅಷ್ಟೇ. ತಾಯಿ ಬರುವ ತನಕ ಪಕ್ಕದಿಂದ ಏಳಲಿಲ್ಲ.

“ಎಂತ ಕಮ್ಮಿ ಮಾಡಿದ್ವೆ ನಿಂಗೆ? ಯಾರದ್ದೋ ದೃಷ್ಟಿ ಬಿದ್ದದೆ” ಎಂದು ತಾಯಿ ಗೋಳಾಡಿದಾಗ ಮಾತ್ರ ನಾಗವೇಣಕ್ಕ, “ದೃಷ್ಟಿ ನಾಳೆ ತೆಗೀವಾ ಅತ್ಗೆ. ಇವತ್ತು ಡಾಕ್ಟ್ರು” ಎಂದರು. ಅಂದೇ ಎಲ್ಲರೂ ಸೇರಿ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿಂದ ಮನೋವೈದ್ಯರ ಚಿಕಿತ್ಸೆ ಶುರುವಾಯಿತು.

ನಿಮಗೆ ಹೇಗೆ ಗೊತ್ತಾಯಿತು ಎಂದು ಆಮೇಲೆ ನಾಗವೇಣಕ್ಕನನ್ನು ಕೇಳಿದೆ. “ನನ್ನ ತಮ್ಮ ವಾಚು ಬಿಚ್ಚಿ ನನ್ನ ಮಗಳಿಗೆ ಕೊಟ್ಟು ಹೋಗಿದ್ದ. ಪ್ರೀತಿ ಅಂದ್ಕಂಡೆ, ಕೇಳ್ಲಿಲ್ಲ” ಎಂದು ಪುಸ್ತಕ ಜೋಡಿಸತೊಡಗಿದರು. ಅವರು ಏಳನೇ ತರಗತಿ ಓದಿದವರು. ಖಿನ್ನತೆಯ ಬಗ್ಗೆ ಭಾಷಣ ಮಾಡಿ ಗೆದ್ದವಳು ನಾನು.

ಕಾಲೇಜಿನಲ್ಲಿ ನಮಗೆ ಸಿಕ್ಕ ಉಪದೇಶ, ‘ಹೊರಗೆ ಬಾಯಿ ಬಿಡಬೇಡಿ, ಸಂಸ್ಥೆಯ ಹೆಸರು ಹಾಳಾಗುತ್ತದೆ’ ಎಂಬುದು. ಫಲಕ ಮಾತ್ರ ಗಾಜಿನ ಕಪಾಟಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇದೆ.

ಅಕ್ಷತಾ ಈಗ ಭಟ್ಕಳದಲ್ಲಿ ಕೆಲಸಕ್ಕಿದ್ದಾಳೆ, ಬಹಳಷ್ಟು ಚೇತರಿಸಿಕೊಂಡಿದ್ದಾಳೆ. ಕೆಟ್ಟ ದಿನಗಳು ಈಗಲೂ ಬರುತ್ತವೆ. ಆಗ ತಾನಾಗಿಯೇ ಫೋನ್ ಮಾಡುತ್ತಾಳೆ, ನನಗಲ್ಲ, ನಾಗವೇಣಕ್ಕನಿಗೆ. ಅದರಲ್ಲಿ ತಕರಾರು ಎತ್ತಲು ನನ್ನ ಬಳಿ ಒಂದು ಪಾಯಿಂಟೂ ಇಲ್ಲ.

ಕಳೆದ ತಿಂಗಳು ಸಿಕ್ಕಾಗ ಧೈರ್ಯ ಮಾಡಿ ಕೇಳಿದೆ. “ಅವತ್ತು ಮೈಕಿನ ಮುಂದೆ ಎಂತ ಹೇಳುಕೆ ಹೊರಟಿದ್ದೆ?”

“ಹೆಸ್ರು. ನೀನೇ ಕೇಳಿದ್ಯಲ್ಲೆ?” ಎಂದು ನಕ್ಕಳು. “ಮತ್ತೆ ಬಾಯಿ ತೆಗೆಯುವಷ್ಟ್ರಲ್ಲಿ ಗಂಟೆ ಆತು.”

ಈಗ ಯಾರಾದರೂ ನಿದ್ದೆ ಬರುವುದಿಲ್ಲ ಎಂದರೆ, ನಾಲಿಗೆಗೆ ಬಂದ ಜವಾಬನ್ನು ನುಂಗಿ, ಎಷ್ಟು ದಿನದಿಂದ ಎಂದು ಕೇಳುತ್ತೇನೆ. ಕೇಳಿದ ಮೇಲೆ ಕಾಯುತ್ತೇನೆ.