ಒಸಾಕಾದಲ್ಲಿ ನನ್ನ ಗಂಡನನ್ನು ನಿಲ್ಲಿಸಿ ಹೋದ ದಿನ

ಒಸಾಕಾದ ಉಮೇದಾ ಸ್ಟೇಷನ್ನಿನ ಕೆಳಗೆ, ನೆಲದಡಿಯ ದಾರಿಯಲ್ಲಿ, ಒಂದು ಕಂಬದ ಪಕ್ಕ ನನ್ನ ಗಂಡನನ್ನು ನಿಲ್ಲಿಸಿ, "ಇಲ್ಲೇ ಇರಿ, ಬಾತ್‌ರೂಮಿಗೆ ಹೋಗಿ ಬರ್ತೀನಿ" ಎಂದು ಹೇಳಿ ಹೊರಟೆನಲ್ಲ, ಅದು ಮರೆವಿನಿಂದ ಆದದ್ದಲ್ಲ. ಜನಜಂಗುಳಿಯಲ್ಲಿ ಕೈತಪ್ಪಿದ್ದೂ ಅಲ್ಲ. ಬೇಕೆಂದೇ ಹೋದೆ. ಏಳು ತಿಂಗಳು ತಯಾರಿ ಮಾಡಿಕೊಂಡು ಹೋದೆ. ಇದನ್ನು ಓದಿ ನನ್ನನ್ನು ಕೆಟ್ಟವಳು ಎನ್ನುವವರು ಎನ್ನಲಿ. ಮೊದಲು ಮುಂಬಯಿಯ ದಾದರ್ ಸ್ಟೇಷನ್ನಿನಲ್ಲಿ ನಡೆದದ್ದನ್ನು ಕೇಳಿ ಆಮೇಲೆ ಎನ್ನಲಿ.

ಆಗ ನಾನು ಮದುವೆಯಾಗಿ ಬಾಂಬೆಯ ಅಂಚಿನ ಮುಲುಂಡಿಗೆ ಬಂದು ಮೂರು ವಾರವೂ ಆಗಿರಲಿಲ್ಲ. ನನಗೆ ಇಪ್ಪತ್ತಮೂರು ವರ್ಷ. ಮೈಸೂರಿನಲ್ಲಿ ಮನೆಯಿಂದ ಕಾಲೇಜಿಗೆ, ಕಾಲೇಜಿನಿಂದ ಮನೆಗೆ ಓಡಾಡಿ ಬೆಳೆದವಳು. ಹಿಂದಿ ಎಂದರೆ ಪರೀಕ್ಷೆಗೆ ಬಾಯಿಪಾಠ ಮಾಡಿದ ನಾಲ್ಕು ಸಾಲು, ಅಷ್ಟೆ. ಒಂದು ಭಾನುವಾರ ಇವರು, "ಬಾ, ಬಾಂಬೆ ತೋರಿಸ್ತೀನಿ. ಕಾಲಲ್ಲಿ ನಡೆದು ನೋಡಿದ್ರೇನೇ ಊರು ಗೊತ್ತಾಗೋದು" ಎಂದು ಕರೆದುಕೊಂಡು ಹೋದರು. ವಿ.ಟಿ. ಸ್ಟೇಷನ್ನಿನಿಂದ ಫೋರ್ಟ್, ಅಲ್ಲಿಂದ ಗೇಟ್‌ವೇ, ಅಲ್ಲಿಂದ ಮರೀನ್ ಡ್ರೈವ್. ಇವರು ಇಪ್ಪತ್ತು ಹೆಜ್ಜೆ ಮುಂದೆ, ನಾನು ಹೊಸ ಚಪ್ಪಲಿ ಕಚ್ಚಿಸಿಕೊಂಡು ಹಿಂದೆ. ಸಮುದ್ರಕ್ಕಿಂತ ಹೆಚ್ಚಾಗಿ ನಾನು ನೋಡಿದ್ದು ಇವರ ನೀಲಿ ಅಂಗಿಯ ಬೆನ್ನನ್ನು.

ಚರ್ಚ್‌ಗೇಟಿನಿಂದ ದಾದರಿಗೆ ಬಂದು, ಸೇತುವೆ ಹತ್ತಿ ಇಳಿದು, ಮುಲುಂಡಿನ ಲೋಕಲ್ ಹಿಡಿಯಬೇಕಿತ್ತು. ರೈಲು ಬಂತು. ಇವರು ಹತ್ತಿದರು. ಇಳಿಯುವವರು ನನ್ನನ್ನು ಹಿಂದಕ್ಕೆ ತಳ್ಳಿದರು, ಹತ್ತುವವರು ಪಕ್ಕಕ್ಕೆ ತಳ್ಳಿದರು, ರೈಲು ಹೊರಟೇಹೋಯಿತು. ನನ್ನ ಬಳಿ ಪರ್ಸಿಲ್ಲ, ಟಿಕೆಟ್ ಇವರ ಜೇಬಿನಲ್ಲಿ, ಮೊಬೈಲ್ ಇನ್ನೂ ಬಂದಿರದ ಕಾಲ. ಮನೆಯ ವಿಳಾಸ ಕೂಡ ಪೂರ್ತಿ ಗೊತ್ತಿರಲಿಲ್ಲ; ಬಿಲ್ಡಿಂಗಿನ ಹೆಸರು ಗೊತ್ತಿತ್ತು, ರಸ್ತೆಯದು ಗೊತ್ತಿರಲಿಲ್ಲ. ಹೇಗೂ ಇವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸು ಬರುತ್ತಾರೆ ಎಂದುಕೊಂಡು ಅಲ್ಲೇ ನಿಂತೆ.

ಮೂರೂವರೆ ಗಂಟೆ ನಿಂತೆ. ಮಧ್ಯೆ ಟಿ.ಸಿ. ಬಂದು ಟಿಕೆಟ್ ಕೇಳಿದ. ನನಗೆ ಉತ್ತರ ಕೊಡಲು ಭಾಷೆ ಇರಲಿಲ್ಲ. ಸುತ್ತ ಜನ ನಿಂತು ನೋಡಿದರು. ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ಮರಾಠಿಯಲ್ಲಿ ಏನೋ ಹೇಳಿ ಅವನನ್ನು ಕಳಿಸಿದಳು, ತನ್ನ ಪಕ್ಕದಲ್ಲಿ ನನಗೆ ಜಾಗ ಮಾಡಿಕೊಟ್ಟಳು. ಏಳು ಗಂಟೆಗೆ ಇವರು ಬಂದರು. "ಎಲ್ಲ ಸ್ಟೇಷನ್ನಲ್ಲೂ ಇಳಿದು ಹುಡುಕಿದೆ ಕಣೇ" ಎಂದರು. ನಂಬಿದೆ. ನಂಬಿದ್ದಷ್ಟೇ ಅಲ್ಲ, ಪಾಪ ಎಷ್ಟು ಅಲೆದರೋ ಎಂದು ಮನೆಗೆ ಹೋಗಿ ಬಿಸಿನೀರು ಕಾಯಿಸಿ ಕೊಟ್ಟೆ.

ಆ ದಿನ ಇವರ ಬಾಯಲ್ಲಿ ಜೋಕಾಯಿತು. ಮನೆಗೆ ನೆಂಟರು ಬರಲಿ, ಪವಾಯಿಯ ಆಫೀಸಿನವರು ಬರಲಿ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಶುರು: "ನಮ್ಮ ಮೈಸೂರ್‌ಪಾಕು ದಾದರಲ್ಲೇ ಕರಗಿಹೋಗಿತ್ತು ಗೊತ್ತಾ? ಮೀನಿನವಳ ಪಕ್ಕ ಕೂತ್ಕೊಂಡು ಅಳ್ತಿದ್ಲು!" ಎಲ್ಲರೂ ನಗುತ್ತಿದ್ದರು. ಮಗಳು ಹುಟ್ಟಿ, ಮಾತು ಬಂದು, ಅವಳೂ ನಗತೊಡಗಿದಳು. ಐದು ವರ್ಷದ ಮಗು ನನ್ನ ಅಳುವನ್ನು ನಟಿಸಿ ತೋರಿಸಿ ಚಪ್ಪಾಳೆ ಗಿಟ್ಟಿಸುತ್ತಿತ್ತು. ನಾನು ಪಲ್ಯ ಬಡಿಸುತ್ತಿದ್ದೆ.

ಮದುವೆಯಾದ ಹನ್ನೊಂದನೆಯ ವರ್ಷ, ಒಂದು ಅರಿಶಿನ ಕುಂಕುಮಕ್ಕೆ ಹೋದಾಗ, ಘಾಟ್‌ಕೋಪರಿನಲ್ಲಿದ್ದ ಇವರ ಗೆಳೆಯನ ಹೆಂಡತಿ ಸಿಕ್ಕಳು. ಧಾರವಾಡದ ಕಡೆಯವಳು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದವಳು. ದಾದರಿನ ಮಾತು ಬಂತು. ಅವಳು ನಗುತ್ತಲೇ, "ನಿಮ್ಮವ್ರು ಅವತ್ತ ನಮ್ಮ ಮನ್ಯಾಗ ಮ್ಯಾಚ್ ನೋಡಕೋತ ಕುಂತಿದ್ರಲ್ರೀ! ನಮ್ಮವ್ರು, ಹೋಗೋ ಮಾರಾಯಾ, ಹೊಸಾ ಹೇಂತಿ ಅಲ್ಲಿ ನಿಂತಾಳ ಅಂದ್ರು. ಅದಕ್ಕ ನಿಮ್ಮವ್ರು, ಸ್ಟೇಷನ್ ಎಲ್ಲೂ ಓಡಿ ಹೋಗಂಗಿಲ್ಲ, ಅಕೀನೂ ಹೋಗಂಗಿಲ್ಲ, ಇನ್ನ ಐದು ಓವರ್ ಉಳದಾವ ಅಂದ್ರು ನೋಡ್ರಿ" ಎಂದಳು. ಅವಳು ಅದನ್ನೂ ನನಗೆ ಗೊತ್ತಿರುವ ತಮಾಷೆಯೇ ಎಂದುಕೊಂಡಿದ್ದಳು.

ಮನೆಗೆ ಬಂದು ನಾನು ಏನೂ ಕೇಳಲಿಲ್ಲ. ಕೇಳಿದ್ದರೆ ಇವರು ಒಂದು ಸಾರಿ ಹೇಳಿ ಮುಗಿಸಿಬಿಡುತ್ತಿದ್ದರು. ಅಷ್ಟು ಅಗ್ಗಕ್ಕೆ ಬಿಡುವ ಮನಸ್ಸಾಗಲಿಲ್ಲ.

ಕಾದೆ. ಹದಿನೆಂಟು ವರ್ಷ ಕಾದೆ. ಆ ಯುಗಾದಿಯ ದಿನ ಇವರು, ನವೆಂಬರಿನಲ್ಲಿ ಆಫೀಸಿನವರು ಒಂದು ಯಂತ್ರ ನೋಡಲು ತಮ್ಮನ್ನು ಒಸಾಕಾಕ್ಕೆ ಕಳಿಸುತ್ತಾರೆ, ಬೇಕಿದ್ದರೆ ಹೆಂಡತಿಯನ್ನೂ ಕರೆದೊಯ್ಯಬಹುದು, ಕೊನೆಯ ದಿನ ಪೂರ್ತಿ ಬಿಡುವು ಎಂದು ಹೇಳಿದರು. "ಊರೆಲ್ಲ ನಡೆದೇ ನೋಡೋಣ" ಎಂದರು. ನನಗೆ ಬೇವು ಬೆಲ್ಲದ ರುಚಿಯೇ ಗೊತ್ತಾಗಲಿಲ್ಲ. ತಲೆಯೊಳಗೆ ಆಗಲೇ ಎಲ್ಲ ಸಿದ್ಧವಾಗಿತ್ತು.

ಬಾಂದ್ರಾದಲ್ಲಿ ಮನೆಯಲ್ಲೇ ಜಪಾನಿ ಕಲಿಸುವ ವಯಸ್ಸಾದ ಟೀಚರೊಬ್ಬರನ್ನು ಹುಡುಕಿದೆ. ಮಂಗಳವಾರ, ಗುರುವಾರ ಪಾಠ. ಮಂಡಿನೋವಿಗೆ ಫಿಸಿಯೋಥೆರಪಿ ಎಂದು ಮನೆಯಲ್ಲಿ ಹೇಳಿದೆ. ಯಾವ ಮಂಡಿ ಎಂದು ಇವರು ಕೇಳಲಿಲ್ಲ. ಮುಲುಂಡಿನಿಂದ ಬಾಂದ್ರಾಕ್ಕೆ ಹೋಗುವಾಗಲೂ ಬರುವಾಗಲೂ ದಾದರಿನಲ್ಲಿ ಗಾಡಿ ಬದಲಿಸಬೇಕು. ಪ್ರತಿ ಸಲವೂ ಆ ಪ್ಲಾಟ್‌ಫಾರ್ಮಿನ ಮೇಲೆ ಒಂದು ನಿಮಿಷ ನಿಲ್ಲುತ್ತಿದ್ದೆ. ಉಪ್ಪಿನಕಾಯಿಯ ಜಾಡಿಯನ್ನು ಆಗಾಗ ಕಲಕದಿದ್ದರೆ ಬೂಷ್ಟು ಹಿಡಿಯುತ್ತದೆ, ಸಿಟ್ಟೂ ಹಾಗೇ.

ಏಳು ತಿಂಗಳಲ್ಲಿ ಎರಡು ಅಕ್ಷರಮಾಲೆ ಬಂತು. ಒಳಗೆ, ಹೊರಗೆ, ಪೂರ್ವ, ಪಶ್ಚಿಮ ಎಂಬ ಚಿತ್ರದಂಥ ಕಷ್ಟದ ಅಕ್ಷರಗಳು ಬಂದವು. ದಾರಿ ಕೇಳಲು, ಊಟ ಕೇಳಲು ಬಂತು.

ಒಸಾಕಾಕ್ಕೆ ಇಂಟರ್ನೆಟ್ಟಿನ ಒಂದೇ ಪುಟ್ಟ ಯಂತ್ರ ಬಾಡಿಗೆಗೆ ತೆಗೆದುಕೊಂಡೆವು. "ಇಬ್ಬರೂ ಜೊತೆಗೇ ಇರ್ತೀವಲ್ಲ, ಎರಡು ಯಾಕೆ?" ಎಂದದ್ದು ಇವರೇ. ಅದು ನನ್ನ ಬ್ಯಾಗಿನಲ್ಲಿತ್ತು, ಅದು ಹತ್ತಿರವಿಲ್ಲದಿದ್ದರೆ ಇವರ ಫೋನು ಕೆಲಸಕ್ಕೆ ಬಾರದು. ಎರಡು ಪಾಸ್‌ಪೋರ್ಟ್, ಹೋಟೆಲಿನ ಕಾರ್ಡು ಎಲ್ಲ ನನ್ನ ಬ್ಯಾಗಿನಲ್ಲೇ. ಇವರು ಮೂರು ದಿನವೂ ಕಂಪನಿಯ ಕಾರಿನಲ್ಲಿ ಹೋಗಿ ಬಂದವರು. ಹೋಟೆಲಿನ ಹೆಸರೂ ಬಾಯಿಗೆ ಬರುತ್ತಿರಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಎಂಟಕ್ಕೆ ಹೊರಟೆವು. ಇವರು ಹೊಸ ಲೆದರ್ ಶೂ ಹಾಕಿಕೊಂಡಿದ್ದರು. "ಕ್ಯಾನ್‌ವಾಸ್ ಹಾಕ್ಕೊಳ್ರೀ" ಎಂದೆ. "ಮೂವತ್ತು ವರ್ಷದಿಂದ ಮುಂಬಯಿಯಲ್ಲಿ ನಡೀತಿದ್ದೀನಿ, ನಂಗೆ ಹೇಳ್ತೀಯಾ?" ಎಂದರು. ಎರಡನೆಯ ಸಲ ನಾನು ಹೇಳಲಿಲ್ಲ.

ನದಿಯ ನಡುವಿನ ನಕಾನೋಶಿಮಾ ದ್ವೀಪದವರೆಗೆ ಇವರು ಚುರುಕಾಗಿಯೇ ನಡೆದರು. ಮರಗಳೆಲ್ಲ ಹಳದಿಯಾಗಿದ್ದವು, ಬಿಸಿಲು ಹಿತವಾಗಿತ್ತು. ಫೋನಿನ ನಕಾಶೆ ನನ್ನ ಕೈಯಲ್ಲಿ, ಹಾಗಾಗಿ ಮುಂದೆ ನಾನು. ಊರಿನ ಹಳೆಯ ಕೋಟೆ ಮುಟ್ಟುವ ಹೊತ್ತಿಗೆ ಇವರ ಹೆಜ್ಜೆಯ ಸದ್ದು ಹಿಂದೆ ದೂರವಾಗಿತ್ತು. ತಿರುಗಿ ನೋಡಲಿಲ್ಲ.

"ಏ, ಸ್ವಲ್ಪ ನಿಲ್ಲೇ!"

"ಇಲ್ಲೇ, ಇನ್ನು ಸ್ವಲ್ಪ."

ಕಂದಕದ ದೊಡ್ಡ ಕಲ್ಲುಗಳ ಪಕ್ಕ ಇವರು ಕೂತು ಶೂ ಬಿಚ್ಚಿದರು. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ನನ್ನ ಬ್ಯಾಗಿನಲ್ಲಿ ಬ್ಯಾಂಡೇಜ್ ಇತ್ತು. ಕೊಡಲಿಲ್ಲ.

ಮಧ್ಯಾಹ್ನ ತೆಂಜಿನ್‌ಬಾಶಿಯ ಅಂಗಡಿ ಬೀದಿಗೆ ಬಂದೆವು. ಮೇಲೆ ಛಾವಣಿ ಹಾಕಿದ, ಎಷ್ಟು ನಡೆದರೂ ಮುಗಿಯದ ಬೀದಿ. ಇವರಿಗೆ ಹಸಿವು. ಹುಟ್ಟಿನಿಂದ ಮೊಟ್ಟೆ ಕೂಡ ಮುಟ್ಟದವರು. ಅಲ್ಲಿಯ ಬಿಸಿ ನೂಡಲ್ ಸಾರಿನಲ್ಲಿ ಕಣ್ಣಿಗೆ ಕಾಣದಂತೆ ಮೀನು ಇರುತ್ತದೆ. ಒಂದು ಬಟ್ಟಲು ಕೊಡಿಸಿ, ಕುಡಿದಾದ ಮೇಲೆ ಹೇಳಿದರೆ ಹೇಗೆ ಎಂಬ ಯೋಚನೆ ಬಂತು. ಸುಳ್ಳೇಕೆ, ಬಂತು. ಆದರೆ ಅನ್ನಕ್ಕೆ ಹಗೆ ಬೆರೆಸಬಾರದು ಎಂದು ನಮ್ಮಮ್ಮ ಹೇಳುತ್ತಿದ್ದಳು. ಒಂದು ಸಣ್ಣ ಅಂಗಡಿಯಲ್ಲಿ ಅನ್ನದ ಉಂಡೆಗಳಿದ್ದವು. ಚೀಟಿ ಓದಿ, ಮೀನು ಹಾಕಿಲ್ಲ ತಾನೇ ಎಂದು ಜಪಾನಿಯಲ್ಲಿ ಕೇಳಿ, ಉಪ್ಪಿನಲ್ಲಿ ಹಾಕಿದ ಹುಳಿಕಾಯಿ ತುಂಬಿದ ಎರಡನ್ನು ತೆಗೆದುಕೊಂಡೆ. ಅಂಗಡಿಯ ಹೆಂಗಸಿಗೆ ನನ್ನ ಮಾತು ಅರ್ಥವಾಯಿತು! ಅವಳು ನಕ್ಕು ತಲೆಬಾಗಿದಳು.

"ಏನಂದೆ ಅವಳಿಗೆ?" ಎಂದರು ಇವರು.

"ಊಟ ಅಂದೆ."

"ಫೋನಲ್ಲಿ ಕಲಿತ್ಯಾ?"

"ಹೂಂ."

ಮೂರು ಗಂಟೆಗೆ ಉಮೇದಾದ ನೆಲದಡಿಗೆ ಇಳಿದೆವು. ದಾರಿಯೊಳಗೆ ದಾರಿ, ಮೆಟ್ಟಿಲು ಹತ್ತಿದರೆ ಮತ್ತೆ ದಾರಿ. ದಾದರಿನ ಹತ್ತು ಸೇತುವೆಗಳನ್ನು ಹೆಣೆದು ಹೂತಿಟ್ಟಂತೆ. ನಾಲ್ಕು ತಿರುವು ತಿರುಗಿಸಿ, ಇವರನ್ನು ಆ ಕಂಬದ ಬಳಿ ನಿಲ್ಲಿಸಿ ಹೋದೆ.

ಮೇಲೆ ಒಂದು ಕಾಫಿ ಅಂಗಡಿಯಲ್ಲಿ ಕಿಟಕಿ ಪಕ್ಕ ಕೂತು ಕೇಕ್ ತಿಂದೆ. ಕೇಕಿನ ಮೇಲೆ ಬೇಯಿಸಿದ, ಕಂದು ಬಣ್ಣದ ಹಣ್ಣೊಂದಿತ್ತು, ಹೆಸರು ಗೊತ್ತಿಲ್ಲ. ನಿಧಾನವಾಗಿ ತಿಂದೆ. ಒಂದು ಗಂಟೆ ಕಳೆದ ಮೇಲೆ ಇಳಿದು ಹೋಗಿ, ಎದುರಿನ ಬೇಕರಿಯ ಮರೆಯಿಂದ ನೋಡಿದೆ. ಒಂದು ಕಾಲಿನ ಶೂ ಕೈಯಲ್ಲಿ ಹಿಡಿದು ಇವರು ಕಂಬಕ್ಕೆ ಒರಗಿದ್ದರು. ಹೋಗುವವರನ್ನೆಲ್ಲ "ಎಕ್ಸ್‌ಕ್ಯೂಸ್ ಮಿ" ಎಂದು ನಿಲ್ಲಿಸುತ್ತಿದ್ದರು. ಕೆಲವರು ಕೈಯಾಡಿಸಿ ಹೋದರು. ಒಬ್ಬಳು ನಿಂತಳು, ಅವಳಿಗೆ ಏನು ಹೇಳಬೇಕೆಂದು ಇವರಿಗೇ ಗೊತ್ತಾಗಲಿಲ್ಲ. ಹೋಟೆಲಿನ ಹೆಸರಿಲ್ಲ, ಭಾಷೆಯಿಲ್ಲ. ಅವಳು ಹೋದ ಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿಕೊಂಡರು. ನನಗೆ ಸಂತೋಷವಾಯಿತು. ಇದನ್ನು ಮುಚ್ಚಿಡುವುದಿಲ್ಲ. ಹೊಟ್ಟೆ ತಣ್ಣಗಾಯಿತು ಎನ್ನುತ್ತಾರಲ್ಲ, ಅದು ಏನೆಂದು ಆ ದಿನ ತಿಳಿಯಿತು.

ಮತ್ತೆ ಮೇಲೆ ಹೋದೆ. ಪೂರ್ತಿ ಮೂರೂವರೆ ಗಂಟೆ ಎಂದು ಲೆಕ್ಕ ಹಾಕಿದ್ದೆ. ಆದರೆ ಐದು ಗಂಟೆಗೆ ಇನ್ನೊಮ್ಮೆ ನೋಡುವ ಆಸೆಯಾಗಿ ಇಳಿದರೆ ಕಂಬದ ಬಳಿ ಇವರಿರಲಿಲ್ಲ.

ನನಗಾದದ್ದು ಪಶ್ಚಾತ್ತಾಪವಲ್ಲ, ಭಯ. ಬೇಕರಿಯವಳ ಬಳಿ ಓಡಿ, ಇಂಡಿಯಾದವರು, ಕನ್ನಡಕ, ಕಾಲು ಕುಂಟುತ್ತಿದ್ದರು ಎಂದೆ. ಅವಳು ಬಾಗಿಲವರೆಗೆ ಬಂದು, ಆ ಕಡೆಯ ಮಾಹಿತಿ ಕೌಂಟರನ್ನು ತೋರಿಸಿದಳು.

ಇವರು ಅಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಯಾರೋ ಹಿಮ್ಮಡಿಗೆ ಪಟ್ಟಿ ಅಂಟಿಸಿದ್ದರು, ಕೈಗೆ ಚಹಾ ಕೊಟ್ಟಿದ್ದರು. ಕೌಂಟರಿನ ಹುಡುಗಿ ನನ್ನ ಮುಖ ನೋಡಿ, ಕೈಲಿದ್ದ ಕಾಗದ ನೋಡಿ, ಮತ್ತೆ ನನ್ನನ್ನು ನೋಡಿದಳು. ಕಳೆದುಹೋದವರ ಗುರುತು ಬರೆಯುವ ಕಾಗದ. ಇವರ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ತುಂಬಿತ್ತು. ಎತ್ತರ: ಸಾಧಾರಣ. ಉಡುಪು: ಸೀರೆ. ಬಣ್ಣ: ಖಾಲಿ.

ನಾನು ಆ ಪ್ರವಾಸಕ್ಕೆಂದೇ ಕೊಂಡ ಹಸಿರು ಕೋಟು, ಕಪ್ಪು ಪ್ಯಾಂಟು ಹಾಕಿಕೊಂಡಿದ್ದೆ. ಬೆಳಿಗ್ಗೆ ಎಂಟರಿಂದ ಏಳು ಗಂಟೆ ಕಾಲ ಇವರು ಆ ಹಸಿರು ಕೋಟಿನ ಹಿಂದೆಯೇ ನಡೆದಿದ್ದರು. ತಣ್ಣಗಾಗಿದ್ದ ಹೊಟ್ಟೆಯಲ್ಲಿ ಮತ್ತೆ ಬೆಂಕಿ ಹತ್ತಿತು.

"ಎಲ್ಲಿ ಸಾಯಕ್ಕೆ ಹೋಗಿದ್ದೆ? ಎರಡು ಗಂಟೆಯಾಯ್ತು!" ಎಂದು ಇವರು ಕೂಗಿದರು. ಕೌಂಟರಿನ ಹುಡುಗಿ ತಲೆ ತಗ್ಗಿಸಿದಳು.

ನಾನು ದನಿ ಏರಿಸಲಿಲ್ಲ. "ಸ್ಟೇಷನ್ ಎಲ್ಲೂ ಓಡಿ ಹೋಗಲ್ಲ, ನೀವೂ ಹೋಗಲ್ಲ ಅಂದ್ಕೊಂಡೆ. ಇನ್ನೂ ಐದು ಓವರ್ ಉಳಿದಿತ್ತು" ಎಂದೆ.

ಯಾವ ಓವರ್ ಎಂದು ಇವರು ಕೇಳಲಿಲ್ಲ. ಏನು ಮಾತಾಡ್ತಿದ್ದೀಯ ಎಂದೂ ಕೇಳಲಿಲ್ಲ. ಚಹಾದ ಲೋಟ ಕೆಳಗಿಟ್ಟು, "ಯಾರು ಹೇಳಿದ್ದು?" ಎಂದರು.

ಅಂದರೆ ನೆನಪಿತ್ತು. ಪ್ರತಿ ಸಲ ಆ ಜೋಕು ಹೇಳುವಾಗಲೂ, ನಾನು ಬಡಿಸುತ್ತಾ ಎದುರಿಗಿರುವಾಗಲೂ, ಎಲ್ಲ ನೆನಪಿತ್ತು.

"ಯಾರು ಹೇಳಿದ್ರೇನು?"

ಹಿಮ್ಮಡಿಯ ಪಟ್ಟಿ ಸವರಿಕೊಳ್ಳುತ್ತಾ, "ಚಿಕ್ಕ ವಯಸ್ಸು ಕಣೇ. ಗೊತ್ತಾಗ್ಲಿಲ್ಲ" ಎಂದರು.

"ನಂಗೆ ನಿಮಗಿಂತ ಐದು ವರ್ಷ ಕಮ್ಮಿ ಇತ್ತು" ಎಂದೆ. ಹುಡುಗಿಗೆ ಜಪಾನಿಯಲ್ಲಿ ಕ್ಷಮಿಸಿ ಎಂದೂ ತುಂಬ ಉಪಕಾರವಾಯಿತೆಂದೂ ಹೇಳಿದೆ. ಇವರು ಬಾಯಿ ಬಿಟ್ಟು ನೋಡಿದರು. ಎಲ್ಲಿ ಕಲಿತೆ ಎಂದು ಕೇಳುವ ಧೈರ್ಯ ಮಾಡಲಿಲ್ಲ.

ಮುಲುಂಡಿಗೆ ಬಂದ ಮೂರನೆಯ ದಿನ ಪುಣೆಯಿಂದ ಮಗಳ ಫೋನ್ ಬಂತು. ಅಪ್ಪ ಆಗಲೇ ದೂರು ಕೊಟ್ಟಾಗಿತ್ತು.

"ಮಮ್ಮಾ, ಪಪ್ಪಾನ ಜಪಾನಲ್ಲಿ ಛೋಡ್ ದಿಯಾ? ಇದು ಟೂ ಮಚ್ ಆಯ್ತು ಹಾಂ" ಎಂದಳು.

ಅವಳಿಗೆ ಎಲ್ಲ ಹೇಳಿದೆ. ಘಾಟ್‌ಕೋಪರಿನ ಮನೆ, ಮ್ಯಾಚು, ಹನ್ನೊಂದು ವರ್ಷ, ಹದಿನೆಂಟು ವರ್ಷ, ಚಪ್ಪಾಳೆ ಗಿಟ್ಟಿಸುತ್ತಿದ್ದ ಐದು ವರ್ಷದ ಮಗು. "ನಾನೂ ನಗ್ತಿದ್ದೆ ನಾ?" ಎಂದಳು. ನಾನು ಇಲ್ಲ ಎನ್ನಲಿಲ್ಲ. ಆಮೇಲೆ ಅವಳು, "ಫೋನು ಪಪ್ಪಾಗೆ ಕೊಡು" ಎಂದಳು.

ಇವರು ಫೋನು ತೆಗೆದುಕೊಂಡು ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡರು. ಒಳಗಿನಿಂದ ನನಗೆ ಕಾಣುತ್ತಿತ್ತು. ಎರಡು ಸಲ ಏನೋ ಹೇಳಲು ಬಾಯಿ ತೆರೆದರು, ಎರಡು ಸಲವೂ ಮುಚ್ಚಿದರು. ಆಮೇಲೆ ಸುಮ್ಮನೆ ಕೇಳುತ್ತಾ ನಿಂತರು. ಬಹಳ ಹೊತ್ತು ನಿಂತರು. ನಾನು ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದೆ. ಏಳಲಿಲ್ಲ, ಬಾಗಿಲು ತೆರೆಯಲಿಲ್ಲ. ಮುಕ್ಕಾಲು ಕಿಲೋ ಹುರುಳಿಕಾಯಿಯಲ್ಲಿ ಒಂದು ನಾರೂ ಉಳಿಯದ ಹಾಗೆ, ನಿಧಾನವಾಗಿ, ಬಿಡಿಸಿದೆ.