ಶುಕ್ರವಾರದ ಕೊಲೆಗಾರ

ಹಳೇಬೀಡಿನ ಕಾಂಚನಮಾಲಾ ಅವರದು ಜೈನರ ಮನೆ. ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಯುತ್ತದೆ. ಹಾಗಾಗಿ ಟೀವಿಯಲ್ಲಿ ಪತ್ತೇದಾರಿ ಧಾರಾವಾಹಿ ಶುರುವಾಗುವ ಹೊತ್ತಿಗೆ ಅವರ ಕೈ ಖಾಲಿ, ತಲೆ ಚುರುಕು. ಕೊಲೆಗಾರ ಯಾರೆಂದು ಪತ್ತೇದಾರನಿಗಿಂತ ಮೊದಲೇ ಊಹಿಸಿ, ಮರುದಿನ ಬಸದಿಯಲ್ಲಿ ಗೆಳತಿಯರೆದುರು ಬೀಗುವುದೇ ಅವರಿಗೊಂದು ಸುಖ.

ಈಚೆಗೆ ತೆಂಗಿನಕಾಯಿಯ ಬೆಲೆ ಕೇಳಿ ಅವರು ಕೈಗೆತ್ತಿಕೊಂಡಿದ್ದ ಕಾಯಿಯನ್ನು ಅಲ್ಲೇ ಇಟ್ಟರು. ಅಂಗಡಿಯವನನ್ನು ಗದರಿದರೆ ಅವನು ಅರಸೀಕೆರೆ ಮಂಡಿಯತ್ತ ಕೈ ತೋರಿಸಿದ. ತೆಂಗಿನ ಸೀಮೆಯಲ್ಲಿ ಹುಟ್ಟಿ ಚಟ್ನಿಗೆ ಬರೀ ಹುರಿಗಡಲೆ ರುಬ್ಬುವ ಗತಿ! ಎಣ್ಣೆ, ಗ್ಯಾಸಿನದೂ ಅದೇ ಕಥೆ. ಕೊನೆಗೆ ಕತ್ತರಿ ಬಿದ್ದದ್ದು ಟೀವಿಯ ರೀಚಾರ್ಜಿಗೆ. ಧಾರಾವಾಹಿಯ ಸಾಹುಕಾರನನ್ನು ಕೊಂದವರು ಯಾರೆಂದು ತಿಳಿಯಬೇಕಿದ್ದ ಶುಕ್ರವಾರವೇ ಪರದೆ ಕಪ್ಪಾಯಿತು.

ಮರುದಿನ ಬಸದಿಯಲ್ಲಿ ಗೆಳತಿ ದರ್ಶಿನಿಯನ್ನು ಮೆಲ್ಲಗೆ ಕೇಳಿದರು: "ನಿನ್ನೆ ತೂಕಡಿಸಿಬಿಟ್ಟೆ ಕಣೇ. ಕೊಂದೋರು ಯಾರು?"

"ಅಡುಗೆಯವ್ನು," ಎಂದಳು ದರ್ಶಿನಿ, ಎತ್ತಲೋ ನೋಡುತ್ತಾ.

ಅದನ್ನೇ ಕೇಳಿದಾಗ, ಹೊರಗೆ ಸಿಕ್ಕ ಇನ್ನೊಬ್ಬ ಗೆಳತಿ ಜಿನಶ್ರೀ, "ಸಾಹುಕಾರನ ತಮ್ಮನೇ ಅಲ್ವಾ ಅಕ್ಕ?" ಎಂದು ಚಪ್ಪಲಿ ಹುಡುಕತೊಡಗಿದಳು. ಚಪ್ಪಲಿ ಅವಳ ಕಾಲಲ್ಲೇ ಇತ್ತು.

ಕಾಂಚನಮಾಲಾ ಅವರಿಗೆ ಗುಟ್ಟು ಹೊಳೆಯಿತು. ಇಬ್ಬರ ಮನೆಯ ಟೀವಿಯೂ ಕಪ್ಪಾಗಿದೆ. ಪತ್ತೆ ಹಚ್ಚಿದ ಖುಷಿ ಮಾತ್ರ ಯಾಕೋ ಬರಲಿಲ್ಲ.

ಮನೆಯ ತಿರುವಿನಲ್ಲಿ ನೆರೆಮನೆಯ ಮಾಲಿನಿ ತಡೆದಳು. "ನಿನ್ನೆ ನಮ್ಮನೇಲಿ ಕರೆಂಟ್ ಇರ್ಲಿಲ್ಲ ಅಕ್ಕ. ಕೊಂದಿದ್ದು ಯಾರು?"

ನಿನ್ನೆ ಇಡೀ ಬೀದಿಯಲ್ಲಿ ಕರೆಂಟ್ ಇತ್ತು.

"ಡ್ರೈವರ್ ಕಣೇ," ಎಂದರು ಕಾಂಚನಮಾಲಾ, ಕಣ್ಣು ಮಿಟುಕಿಸದೆ. "ನಾನು ಮೊದ್ಲೇ ಹೇಳಿರ್ಲಿಲ್ವಾ?"